ಹಾರ್ಡ್‌ಡಿಸ್ಕ್ 'ಡಿಟೆಕ್ಟ್ ಆಗ್ತಿಲ್ಲ' ಅಂತ ಫಾರ್ಮ್ಯಾಟ್‌ಗೆ ಕೈ ಹಾಕಬೇಡಿ

ಹೊಸ ಲ್ಯಾಪ್‌ಟಾಪ್ ಬಂತು. ಮದುವೆ ವಿಡಿಯೊ, ಮಕ್ಕಳ ಫೋಟೋ ಎಲ್ಲ ತುಂಬಿರುವ ಹಳೇ ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್ ಚುಚ್ಚಿದರೆ ಒಂದೋ ಏನೂ ಕಾಣಿಸುವುದಿಲ್ಲ, ಇಲ್ಲವೇ 'ಈ ಡಿಸ್ಕ್ ಬಳಸಲು ಮೊದಲು ಫಾರ್ಮ್ಯಾಟ್ ಮಾಡಬೇಕು' ಅಂತ ಕೇಳುತ್ತದೆ. ವಿಂಡೋಸ್‌ನಲ್ಲಿ ಇಷ್ಟು ದಾರಿ ತಪ್ಪಿಸುವ ಸಂದೇಶ ಮತ್ತೊಂದಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಒಳಗಿರುವುದನ್ನು ಓದಲು ಅದಕ್ಕೆ ಬರುತ್ತಿಲ್ಲ, ವಿಷಯ ಅಷ್ಟೇ. ಓದಲು ಬಾರದ್ದನ್ನೆಲ್ಲ ಅಳಿಸಿ ಹೊಸದಾಗಿ ಶುರು ಮಾಡೋಣ ಅನ್ನುವುದು ಅದರ ಸಲಹೆ. ಜನ ಓಕೆ ಒತ್ತಿಬಿಡುತ್ತಾರೆ.

ಅದಕ್ಕಿಂತ ಅಪಾಯ ಯೂಟ್ಯೂಬ್ ವಿಡಿಯೊಗಳು. ವಿಂಡೋಸ್‌ನದೇ ಆದ ಡಿಸ್ಕ್‌ಪಾರ್ಟ್ ಎಂಬ ಕಮಾಂಡ್ ಸಾಧನ ತೆರೆಯಿರಿ, ಡಿಸ್ಕ್ ಆರಿಸಿ, 'ಕ್ಲೀನ್' ಅಂತ ಟೈಪ್ ಮಾಡಿ, ಸಮಸ್ಯೆ ಮುಗೀತು! ಖಾಲಿ ಪೆನ್‌ಡ್ರೈವ್‌ಗೆ ಅದು ಸರಿಯಾದ ಮದ್ದೇ. ಡೇಟಾ ಇರುವ ಡಿಸ್ಕ್‌ಗೆ ಹಾಗೆ ಮಾಡಿದರೆ ಪಾರ್ಟಿಷನ್ (ಡಿಸ್ಕ್‌ನ ಭಾಗಗಳ) ಪಟ್ಟಿಯೇ ಹೋಗುತ್ತದೆ. ಹೊಲದ ಸರ್ವೆ ಕಲ್ಲು ಕಿತ್ತು ಬಿಸಾಡಿದ ಹಾಗೆ: ಮಣ್ಣು ಅಲ್ಲೇ ಇರುತ್ತದೆ, ಎಲ್ಲಿಂದ ಎಲ್ಲಿಗೆ ಯಾವುದು ಅನ್ನುವುದು ಗೊತ್ತಾಗುವುದಿಲ್ಲ. 'ಕ್ಲೀನ್ ಆಲ್' ಕೊಟ್ಟರಂತೂ ಇಡೀ ಡಿಸ್ಕ್ ಮೇಲೆ ಸೊನ್ನೆ ಬರೆಯುತ್ತದೆ, ಆಮೇಲೆ ಯಾವ ಲ್ಯಾಬ್‌ಗೆ ಹೋದರೂ ಪ್ರಯೋಜನವಿಲ್ಲ. ಕ್ವಿಕ್ ಫಾರ್ಮ್ಯಾಟ್‌ನ ಟಿಕ್ ತೆಗೆದು ಪೂರ್ತಿ ಫಾರ್ಮ್ಯಾಟ್ ಮಾಡಿದರೂ ಇದೇ ಗತಿ, ವಿಸ್ಟಾ ಕಾಲದಿಂದ ವಿಂಡೋಸ್ ಹಾಗೆಯೇ ಮಾಡುತ್ತದೆ.

ಹಾಗಾಗಿ ಫೈಲ್‌ಗಳು ಇನ್ನೊಂದು ಜಾಗಕ್ಕೆ ಕಾಪಿ ಆಗುವವರೆಗೆ ಆ ಡಿಸ್ಕ್ ಮೇಲೆ ಏನನ್ನೂ ಬರೆಯಿಸಬೇಡಿ. ಇನಿಷಿಯಲೈಸ್ (ಹೊಸ ಡಿಸ್ಕ್‌ನಂತೆ ಸಜ್ಜುಗೊಳಿಸುವುದು), ಫಾರ್ಮ್ಯಾಟ್, ದೋಷ ಸರಿಪಡಿಸುವ ಚೆಕ್‌ಡಿಸ್ಕ್, 'ಸ್ಕ್ಯಾನ್ ಆ್ಯಂಡ್ ಫಿಕ್ಸ್' ಎಲ್ಲವೂ ಬರೆಯುವ ಕೆಲಸಗಳೇ.

ಮೊದಲು ಕಿವಿ ಕೊಡಿ. ಅಂಗೈ ಅಗಲದ ಪೋರ್ಟಬಲ್ ಡಿಸ್ಕ್ ಒಳಗಿರುವುದು ಎರಡೂವರೆ ಇಂಚಿನ ಹಾರ್ಡ್‌ಡಿಸ್ಕ್. ಮೇಜಿನ ಮೇಲಿಟ್ಟು ಬೆರಳು ತಾಗಿಸಿದರೆ ಸಣ್ಣಗೆ ನಡುಗುವುದು ಗೊತ್ತಾಗಬೇಕು, ಅಂದರೆ ಮೋಟಾರ್ ತಿರುಗುತ್ತಿದೆ. ಸಣ್ಣ ಬೀಪ್ ಸದ್ದು ಬಂದರೆ ಮೋಟಾರ್ ತಿರುಗಲು ಒದ್ದಾಡುತ್ತಿದೆ. ಕರೆಂಟ್ ಸಾಲುತ್ತಿಲ್ಲ, ಇಲ್ಲವೇ ಡೇಟಾ ಓದುವ ಹೆಡ್, ಒಳಗೆ ತಿರುಗುವ ಪ್ಲೇಟ್‌ಗೆ ಅಂಟಿಕೊಂಡಿದೆ. ಒಂದೇ ಲಯದಲ್ಲಿ ಟಿಕ್ ಟಿಕ್ ಅಂತ ಬಡಿಯುತ್ತಿದ್ದರೆ ಹೆಡ್‌ಗೇ ಪೆಟ್ಟಾಗಿರುವ ಸಾಧ್ಯತೆ ಹೆಚ್ಚು. ಆ ಸದ್ದು ಕೇಳಿದರೆ ವೈರ್ ಕೀಳಿ, ಇನ್ನೊಂದು ಸಲ ಚುಚ್ಚಿ ನೋಡುವ ಆಸೆಯನ್ನೂ ಬಿಡಿ. ಪ್ರತಿ ಸಲ ತಿರುಗಿದಾಗಲೂ ಪ್ಲೇಟ್ ಮೇಲೆ ಗೀರು ಬೀಳಬಹುದು.

ಸದ್ದು ಸರಿ ಇದ್ದರೆ ಮೊದಲ ಅನುಮಾನ ಕೇಬಲ್ ಮೇಲೆ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಟೈಪ್-ಸಿ ಪೋರ್ಟ್‌ಗಳೇ ಜಾಸ್ತಿ, ಹಳೇ ಡಿಸ್ಕ್‌ನ ಕೇಬಲ್ ಟೈಪ್-ಎ. ಮಧ್ಯೆ ಮೂಗುತಿಯಷ್ಟು ಚಿಕ್ಕ ಅಡಾಪ್ಟರ್ ಒಂದು ಬರುತ್ತದೆ, ಅರ್ಧ ತಂಟೆ ಅಲ್ಲೇ. ಅದನ್ನು ತೆಗೆದು ತಿರುಗಿಸಿ ಹಾಕಿ ನೋಡಿ, ಅಗ್ಗದ ಕೆಲವು ಒಂದೇ ಕಡೆ ಸರಿಯಾಗಿ ಕೂರುತ್ತವೆ. ಮೊಬೈಲ್ ಚಾರ್ಜರ್ ಜೊತೆ ಬಂದ ಸಿ-ಯಿಂದ-ಸಿ ವೈರ್ ಹಾಕಿ ಪರೀಕ್ಷೆ ಮಾಡುವವರಿದ್ದಾರೆ. ಚಾರ್ಜ್ ಮಾತ್ರ ಮಾಡುವ ವೈರ್‌ಗಳಲ್ಲಿ ಡೇಟಾದ ತಂತಿಗಳೇ ಇರುವುದಿಲ್ಲ. ಡಿಸ್ಕ್ ದೀಪ ಉರಿಯುತ್ತದೆ, ಮೋಟಾರ್ ತಿರುಗುತ್ತದೆ, ಲ್ಯಾಪ್‌ಟಾಪ್ ಮಾತ್ರ ತೆಪ್ಪಗಿರುತ್ತದೆ.

ಡಿಸ್ಕ್ ಕಡೆಯ ತುದಿಯನ್ನೂ ನೋಡಿ. ಎರಡು ತುಂಡು ಜೋಡಿಸಿದಂತೆ ಕಾಣುವ ಚಪ್ಪಟೆ ಪ್ಲಗ್ ಇದ್ದರೆ ಅದು ಯುಎಸ್‌ಬಿ 3.0 ಮೈಕ್ರೋ-ಬಿ. ನಾಲ್ಕಾರು ವರ್ಷ ಕಿತ್ತು ಚುಚ್ಚಿ ಸಾಕೆಟ್ ಸಡಿಲವಾಗಿರುತ್ತದೆ. ಸ್ವಲ್ಪ ಅಲುಗಾಡಿದರೆ ಡಿಸ್ಕ್ ಬಂದು ಹೋಗುತ್ತಿದ್ದರೆ ದೋಷ ಇಲ್ಲೇ. ಇದಕ್ಕೊಂದು ಉಪಾಯ ಉಂಟು: ಆ ಸಾಕೆಟ್‌ನ ಅಗಲವಾದ ಭಾಗಕ್ಕೆ ಹಳೇ ಆ್ಯಂಡ್ರಾಯ್ಡ್ ಫೋನ್‌ಗಳ ಸಾಮಾನ್ಯ ಮೈಕ್ರೋ ಯುಎಸ್‌ಬಿ ಡೇಟಾ ಕೇಬಲ್ ಕೂರುತ್ತದೆ. ಡಿಸ್ಕ್ ಯುಎಸ್‌ಬಿ 2.0 ವೇಗದಲ್ಲಿ ಕೆಲಸ ಮಾಡುತ್ತದೆ. ಆಮೆ ವೇಗ ನಿಜ, ಆದರೆ 3.0 ತಂತಿಗಳು ಮಾತ್ರ ಹಾಳಾಗಿದ್ದರೆ ಇಷ್ಟಕ್ಕೇ ಫೋಟೋಗಳು ಹೊರಬರುತ್ತವೆ. ಕರಾವಳಿಯ ಮಳೆಗಾಲ ಕಂಡ ಡಿಸ್ಕ್ ಆದರೆ ಪಿನ್‌ಗಳ ಮೇಲೆ ಕಿಲುಬು ಕಟ್ಟಿರಬಹುದು. ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಮೃದುವಾದ ಬ್ರಷ್ ಅದ್ದಿ ಒರೆಸಿ, ಪೂರ್ತಿ ಒಣಗಿದ ಮೇಲೆ ಚುಚ್ಚಿ.

ಕರೆಂಟ್‌ನ ಲೆಕ್ಕ ಬೇರೆ. ಯುಎಸ್‌ಬಿ 2.0 ಪೋರ್ಟ್ ಕೊಡಬೇಕಾದ್ದು 500 ಮಿಲಿಆಂಪಿಯರ್, 3.0 ಪೋರ್ಟ್ 900. ತಿರುಗಲು ಶುರುವಾಗುವ ಕ್ಷಣದಲ್ಲಿ ಕೆಲವು ಡಿಸ್ಕ್‌ಗಳು 1 ಆಂಪಿಯರ್ ಹತ್ತಿರ ಎಳೆಯುತ್ತವೆ. ಕೀಬೋರ್ಡ್, ಮೌಸ್, ಪೆನ್‌ಡ್ರೈವ್ ಎಲ್ಲ ನೇತಾಡುವ ಹಬ್‌ಗೆ ಡಿಸ್ಕನ್ನೂ ಚುಚ್ಚಿದರೆ ಪಾಪ ಅದು ಏಳುವುದಾದರೂ ಹೇಗೆ? ಲ್ಯಾಪ್‌ಟಾಪ್‌ಗೆ ನೇರವಾಗಿ ಚುಚ್ಚಿ, ಚಾರ್ಜರ್ ಹಾಕಿಕೊಂಡೇ ನೋಡಿ. ಮೂರೂವರೆ ಇಂಚಿನ ದೊಡ್ಡ ಡಿಸ್ಕ್‌ಗೆ 12 ವೋಲ್ಟ್‌ನ ಪ್ರತ್ಯೇಕ ಅಡಾಪ್ಟರ್ ಬೇಕೇ ಬೇಕು, ಸಾಮಾನ್ಯವಾಗಿ ಒಂದೂವರೆಯಿಂದ ಎರಡು ಆಂಪಿಯರ್‌ನದು. ಪಿನ್ ಕೂರುತ್ತದೆ ಅಂತ ವೈಫೈ ರೌಟರ್‌ನ ಅಡಾಪ್ಟರ್ ಹಾಕಿದರೆ ವೋಲ್ಟ್ ಸರಿ ಇದ್ದರೂ ಅರ್ಧ ಅಥವಾ ಒಂದು ಆಂಪಿಯರ್‌ಗೆ ಡಿಸ್ಕ್ ಏಳುವುದಿಲ್ಲ. 19 ವೋಲ್ಟ್‌ನ ಲ್ಯಾಪ್‌ಟಾಪ್ ಚಾರ್ಜರ್ ಚುಚ್ಚಿದರಂತೂ ಬೋರ್ಡ್‌ನ ರಕ್ಷಣಾ ಡಯೋಡ್ ಸುಟ್ಟು ಕಮಟು ವಾಸನೆ ಬರುತ್ತದೆ.

ಇಷ್ಟೂ ಆದ ಮೇಲೆ ವಿಂಡೋಸ್ ಕೀ ಜೊತೆ ಎಕ್ಸ್ ಒತ್ತಿ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆಯಿರಿ. ಫೈಲ್ ಎಕ್ಸ್‌ಪ್ಲೋರರ್‌ನಲ್ಲಿ ಕಾಣದ್ದು ಇಲ್ಲಿ ಕಾಣುತ್ತದೆ. ತೆರೆದ ಕೂಡಲೇ 'ಡಿಸ್ಕ್ ಇನಿಷಿಯಲೈಸ್ ಮಾಡಬೇಕು' ಎಂಬ ಪೆಟ್ಟಿಗೆ ತಾನಾಗಿ ಎದ್ದು ಬರಬಹುದು. ಎಂಬಿಆರ್, ಜಿಪಿಟಿ ಅಂತ ಎರಡು ಆಯ್ಕೆ, ಕೆಳಗೆ ಓಕೆ. ಕ್ಯಾನ್ಸಲ್ ಒತ್ತಿ. ಕೆಳಗಿನ ಅರ್ಧದಲ್ಲಿ ಡಿಸ್ಕ್ 0, ಡಿಸ್ಕ್ 1 ಅಂತ ಸಾಲುಗಳಿರುತ್ತವೆ. ನಿಮ್ಮದು ಯಾವುದು ಅನ್ನುವುದಕ್ಕೆ ಗಾತ್ರ ನೋಡಿ: 1 ಟಿಬಿ ಡಿಸ್ಕ್ 931 ಜಿಬಿ ಅಂತ, 2 ಟಿಬಿ ಡಿಸ್ಕ್ 1863 ಜಿಬಿ ಅಂತ ಕಾಣುತ್ತದೆ. ಅದು ನಷ್ಟ ಅಲ್ಲ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತದೆ.

ಗಾತ್ರ ಸರಿ ಇದೆ, 'ಹೆಲ್ತಿ' ಅಂತಲೂ ಇದೆ, ಸಿ, ಡಿ ಥರದ ಡ್ರೈವ್ ಅಕ್ಷರ ಮಾತ್ರ ಇಲ್ಲ ಅಂದರೆ ನಿಮ್ಮ ಅದೃಷ್ಟ. ರೈಟ್ ಕ್ಲಿಕ್ ಮಾಡಿ, ಡ್ರೈವ್ ಲೆಟರ್ ಬದಲಿಸುವ ಆಯ್ಕೆಗೆ ಹೋಗಿ, ಎಸ್ ಅಥವಾ ಟಿ ಥರದ ಕೊನೆಯ ಅಕ್ಷರವೊಂದನ್ನು ಕೊಡಿ. ಕಚೇರಿಯ ನೆಟ್‌ವರ್ಕ್ ಡ್ರೈವ್ ಅದೇ ಅಕ್ಷರ ಹಿಡಿದು ಕೂತಿದ್ದಾಗ ಹೀಗಾಗುತ್ತದೆ. 'ಆಫ್‌ಲೈನ್' ಅಂತಿದ್ದರೆ ಎಡಗಡೆಯ ಡಿಸ್ಕ್ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ ಆನ್‌ಲೈನ್ ಕೊಡಿ. 'ನೋ ಮೀಡಿಯಾ' ಅಂತಲೋ ಸೊನ್ನೆ ಗಾತ್ರ ಅಂತಲೋ ಬಂದರೆ ಕೇಸ್ ಒಳಗಿನ ಯುಎಸ್‌ಬಿ ಸಂಪರ್ಕದ ಬೋರ್ಡ್ ಉತ್ತರ ಕೊಡುತ್ತಿದೆ, ಒಳಗಿನ ಡಿಸ್ಕ್ ಕೊಡುತ್ತಿಲ್ಲ. 3 ಟಿಬಿ ಡಿಸ್ಕ್ 746 ಜಿಬಿ ಅಂತ ತೋರಿಸಿದರೆ ಹೊರಗಿನ ಕೇಸಿಂಗ್ ಹಳೇ ಕಾಲದ್ದು, 2 ಟಿಬಿಯ ಆಚೆ ಅದಕ್ಕೆ ಎಣಿಸಲು ಬರುವುದಿಲ್ಲ. ಬೆಂಗಳೂರಿನ ಎಸ್‌.ಪಿ. ರೋಡ್‌ನಲ್ಲೋ ಆನ್‌ಲೈನ್‌ನಲ್ಲೋ ಹೊಸ ಕೇಸಿಂಗ್ ತಂದರೆ ಆಯಿತು.

'ರಾ' ಅಂತ ಬಂದರೆ ಎರಡು ಸಾಧ್ಯತೆ. ಫೈಲ್ ಸಿಸ್ಟಮ್ (ಫೈಲ್‌ಗಳನ್ನು ಜೋಡಿಸಿಡುವ ವ್ಯವಸ್ಥೆ) ಕೆಟ್ಟಿದೆ, ಇಲ್ಲವೇ ಅದು ವಿಂಡೋಸ್‌ಗೆ ಗೊತ್ತಿಲ್ಲದ ಫೈಲ್ ಸಿಸ್ಟಮ್. ಎರಡನೆಯದನ್ನು ಜನ ಯೋಚಿಸುವುದೇ ಇಲ್ಲ. ಮ್ಯಾಕ್‌ನಲ್ಲಿ ಫಾರ್ಮ್ಯಾಟ್ ಆದ ಡಿಸ್ಕ್‌ನಲ್ಲಿ ಮೊದಲಿಗೆ 200 ಎಂಬಿಯ ಇಎಫ್‌ಐ ಪಾರ್ಟಿಷನ್, ಪಕ್ಕದಲ್ಲಿ ಹೆಸರಿಲ್ಲದ ದೊಡ್ಡದೊಂದು ಕಾಣುತ್ತದೆ. ಆ ಚಿಕ್ಕ ತುಂಡು ಕಂಡರೆ ಡಿಸ್ಕ್ ಮೊದಲು ಎಲ್ಲಿತ್ತು ಅಂತ ಮನೆಯವರನ್ನು ಕೇಳಿ. ಮ್ಯಾಕ್‌ನ ಎಪಿಎಫ್‌ಎಸ್, ಎಚ್‌ಎಫ್‌ಎಸ್ ಪ್ಲಸ್, ಲಿನಕ್ಸ್‌ನ ಇಎಕ್ಸ್‌ಟಿ4 ಯಾವುದನ್ನೂ ವಿಂಡೋಸ್ ತಾನಾಗಿ ಓದುವುದಿಲ್ಲ. ಉಬುಂಟುವನ್ನು ಪೆನ್‌ಡ್ರೈವ್‌ಗೆ ಹಾಕಿ, ಇನ್‌ಸ್ಟಾಲ್ ಮಾಡದೆ ಹಾಗೇ ಬೂಟ್ ಮಾಡಿದರೆ ಇಎಕ್ಸ್‌ಟಿ4 ನೇರ ತೆರೆದುಕೊಳ್ಳುತ್ತದೆ. ಮ್ಯಾಕ್ ಡಿಸ್ಕ್ ಆದರೆ ಸ್ನೇಹಿತರ ಮ್ಯಾಕ್ ಹುಡುಕುವುದೇ ಸುಲಭ.

ಫೈಲ್ ಸಿಸ್ಟಮ್ ನಿಜವಾಗಿಯೂ ಕೆಟ್ಟಿದ್ದು ಡಿಸ್ಕ್ ಗಟ್ಟಿಮುಟ್ಟಾಗಿದ್ದರೆ ಟೆಸ್ಟ್‌ಡಿಸ್ಕ್ ಎಂಬ ಉಚಿತ ತಂತ್ರಾಂಶ ಸಾಕು. ಕಪ್ಪು ಪರದೆ ನೋಡಿ ಹೆದರಬೇಡಿ. ಡಿಸ್ಕ್ ಆರಿಸಿ, ಅನಲೈಸ್ ಕೊಟ್ಟು, ಸಿಕ್ಕ ಪಾರ್ಟಿಷನ್ ಮೇಲೆ ಪಿ ಒತ್ತಿದರೆ ಫೈಲ್‌ಗಳ ಪಟ್ಟಿ ಬರುತ್ತದೆ, ಅಲ್ಲಿಂದಲೇ ಬೇರೆ ಡಿಸ್ಕ್‌ಗೆ ಕಾಪಿ ಮಾಡಬಹುದು. ಕೊನೆಯಲ್ಲಿ ಬರುವ 'ರೈಟ್' (ಡಿಸ್ಕ್ ಮೇಲೆ ಬರೆಯುವ) ಆಯ್ಕೆಯ ಕಡೆ ಹೋಗಬೇಡಿ. ಪಟ್ಟಿಯೇ ಸಿಗದಿದ್ದರೆ ಅದರ ಜೊತೆಗೇ ಬರುವ ಫೋಟೋರೆಕ್ ಇದೆ. ಅದು ಫೈಲ್‌ಗಳನ್ನು ಎತ್ತಿ ಕೊಡುತ್ತದೆ, ಹೆಸರು ಮತ್ತು ಫೋಲ್ಡರ್ ಮಾತ್ರ ಹೋಗಿರುತ್ತವೆ. ಹತ್ತು ಸಾವಿರ ಫೋಟೋಗಳನ್ನು ಒಂದೊಂದಾಗಿ ತೆರೆದು ಹೆಸರಿಡುವ ತಾಳ್ಮೆ ಬೇಕು.

ಪಾಸ್‌ವರ್ಡ್ ಕೇಳುವ ಡಿಸ್ಕ್‌ಗಳ ಕಥೆ ಪ್ರತ್ಯೇಕ. ವಿಂಡೋಸ್‌ನ ಡಿಸ್ಕ್ ಬೀಗವಾದ ಬಿಟ್‌ಲಾಕರ್ ಹಾಕಿದ್ದರೆ ಪಾಸ್‌ವರ್ಡ್, ಅದಿಲ್ಲದಿದ್ದರೆ 48 ಅಂಕಿಯ ರಿಕವರಿ ಕೀ ಬೇಕು. ಹಳೇ ಲ್ಯಾಪ್‌ಟಾಪ್‌ನ ಒಳಗಿನ ಡಿಸ್ಕನ್ನು ಬಿಚ್ಚಿ ಕೇಸಿಂಗ್‌ಗೆ ಹಾಕಿದವರಿಗೆ ಇದು ದಿಢೀರ್ ಎದುರಾಗುತ್ತದೆ, ಏಕೆಂದರೆ ಡಿವೈಸ್ ಎನ್‌ಕ್ರಿಪ್ಷನ್ ತಾನಾಗಿ ಚಾಲೂ ಆಗಿದ್ದು ಗೊತ್ತೇ ಇರುವುದಿಲ್ಲ. ಆಗ ಬಳಸುತ್ತಿದ್ದ ಮೈಕ್ರೋಸಾಫ್ಟ್ ಅಕೌಂಟ್‌ಗೆ ಲಾಗಿನ್ ಆದರೆ ಸಾಮಾನ್ಯವಾಗಿ ಅಲ್ಲಿ ಕೀ ಇರುತ್ತದೆ. ಕೇಸಿಂಗ್ ಕೊಳ್ಳುವಾಗಲೂ ನೋಡಿಕೊಳ್ಳಿ: ಸಣ್ಣ ಪಟ್ಟಿಯಂಥ ಎಂ.2 ಎಸ್‌ಎಸ್‌ಡಿಗಳಲ್ಲಿ ಸಾಟಾ ಮತ್ತು ಎನ್‌ವಿಎಂಇ ಅಂತ ಎರಡು ಜಾತಿ. ಸಾಟಾ ಕೇಸಿಂಗ್‌ಗೆ ಎನ್‌ವಿಎಂಇ ಹಾಕಿದರೆ ಕೆಲಸ ಮಾಡುವುದಿಲ್ಲ. ಎರಡನ್ನೂ ಒಪ್ಪುವ ಕೇಸಿಂಗ್‌ಗೆ ಸ್ವಲ್ಪ ಹೆಚ್ಚು ಕೊಟ್ಟರೂ ತೊಂದರೆಯಿಲ್ಲ.

ವೆಸ್ಟರ್ನ್ ಡಿಜಿಟಲ್‌ನ ಮೈ ಪಾಸ್‌ಪೋರ್ಟ್‌ಗೆ ಪಾಸ್‌ವರ್ಡ್ ಇಟ್ಟಿದ್ದರೆ ದೊಡ್ಡ ಡ್ರೈವ್ ಬದಲು ಸಣ್ಣ ಸಿಡಿ ಥರದ್ದೊಂದು ಮಾತ್ರ ಕಾಣುತ್ತದೆ. ಅದರೊಳಗಿನ ಅನ್‌ಲಾಕರ್ ನಡೆಸಿ ಪಾಸ್‌ವರ್ಡ್ ಕೊಟ್ಟರೆ ಉಳಿದದ್ದು ತೆರೆಯುತ್ತದೆ.

ಮ್ಯಾಕ್ ಹೊಸದಾಗಿ ಕೊಂಡವರಿಗೆ ಬೇರೆ ಎರಡು ತೊಡಕು. 2022ರ ಮ್ಯಾಕ್‌ಓಎಸ್ ವೆಂಚುರಾದಿಂದ ಆಪಲ್ ಸಿಲಿಕಾನ್ (ಆಪಲ್‌ನದೇ ಚಿಪ್ ಇರುವ) ಲ್ಯಾಪ್‌ಟಾಪ್‌ಗಳು ಹೊಸ ಸಾಧನ ಚುಚ್ಚಿದಾಗ 'ಅಲೋ ಮಾಡಲೇ' ಅಂತ ಕೇಳುತ್ತವೆ. ಗಮನಿಸದೆ ಬೇಡ ಅಂದಿದ್ದರೆ ಡಿಸ್ಕ್ ಕಾಣುವುದಿಲ್ಲ, ಕಿತ್ತು ಮತ್ತೆ ಚುಚ್ಚಿ. ಫೈಂಡರ್ ಸೆಟ್ಟಿಂಗ್ಸ್‌ನಲ್ಲಿ ಎಕ್ಸ್‌ಟರ್ನಲ್ ಡಿಸ್ಕ್‌ಗೆ ಟಿಕ್ ಇದೆಯೇ ಅಂತಲೂ ನೋಡಿ. ವಿಂಡೋಸ್‌ನ ಎನ್‌ಟಿಎಫ್‌ಎಸ್ ಡಿಸ್ಕ್ ಮ್ಯಾಕ್‌ನಲ್ಲಿ ತೆರೆದುಕೊಳ್ಳುತ್ತದೆ, ಫೈಲ್ ಹಾಕಲು ಮಾತ್ರ ಬಿಡುವುದಿಲ್ಲ. ಅದು ಡಿಸ್ಕ್ ದೋಷ ಅಲ್ಲ.

ಐಟಿ ಕಂಪನಿಯ ಲ್ಯಾಪ್‌ಟಾಪ್‌ಗೆ ಮನೆ ಡಿಸ್ಕ್ ಚುಚ್ಚಿ ತಲೆ ಕೆಡಿಸಿಕೊಳ್ಳಬೇಡಿ. ಮೌಸ್ ನಡೆಯುತ್ತದೆ, ಫೋನ್ ಚಾರ್ಜ್ ಆಗುತ್ತದೆ, ಡಿಸ್ಕ್ ಮಾತ್ರ 'ಆ್ಯಕ್ಸೆಸ್ ಡಿನೈಡ್' ಅಂದರೆ ಯುಎಸ್‌ಬಿ ಸ್ಟೋರೇಜನ್ನು ಐಟಿ ವಿಭಾಗವೇ ಪಾಲಿಸಿ ಹಾಕಿ ಮುಚ್ಚಿದೆ. ರಿಜಿಸ್ಟ್ರಿ ತಿದ್ದಿ ದಾಟಲು ಹೋದರೆ ಎಚ್‌ಆರ್‌ನಿಂದ ಮೇಲ್ ಬರುತ್ತದೆ.

ಡಿಸ್ಕ್ ಕಾಣುತ್ತಿದೆ, ಆದರೆ ಫೋಲ್ಡರ್ ತೆರೆಯಲು ನಿಮಿಷಗಟ್ಟಲೆ ತೆಗೆದುಕೊಳ್ಳುತ್ತಿದೆ ಅಂದರೆ ಡಿಸ್ಕ್‌ನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೊ ತಂತ್ರಾಂಶ ಹಾಕಿ ನೋಡಿ. ಅದರಲ್ಲಿ 05, ಸಿ5, ಸಿ6 ಎಂಬ ಸಾಲುಗಳ 'ರಾ ವ್ಯಾಲ್ಯೂ' (ಮೂಲ ಎಣಿಕೆ) ಸೊನ್ನೆ ಇರಬೇಕು. ಸಿ5 ಏರುತ್ತಿದ್ದರೆ ಓದಲಾಗದ ಸೆಕ್ಟರ್‌ಗಳು (ಡಿಸ್ಕ್‌ನ ಸಣ್ಣ ತುಣುಕುಗಳು) ಹೆಚ್ಚುತ್ತಿವೆ. ಸಿ7 ಮಾತ್ರ ಏರಿದ್ದರೆ ಡಿಸ್ಕ್‌ಗಿಂತ ಮೊದಲು ಸಂಪರ್ಕದ ಮೇಲೆ ಅನುಮಾನ ಪಡಿ. ಸಾಯುತ್ತಿರುವ ಡಿಸ್ಕ್ ಮೇಲೆ ಚೆಕ್‌ಡಿಸ್ಕ್ ಅನ್ನು '/r' ಆಯ್ಕೆಯೊಂದಿಗೆ ನಡೆಸುವುದು ಗಾಯದ ಮೇಲೆ ಬರೆ. ಇಡೀ ಡಿಸ್ಕನ್ನು ಉಜ್ಜಿ ಓದುತ್ತಾ, ಅರ್ಧದಲ್ಲಿ ಅದನ್ನು ಕೊಂದೇಬಿಡಬಹುದು. ಮೊದಲು ಬೇಕೇಬೇಕಾದ ಫೋಲ್ಡರ್‌ಗಳನ್ನು ಸಣ್ಣ ಸಣ್ಣ ಕಂತಿನಲ್ಲಿ ಕಾಪಿ ಮಾಡಿ, ಸಿನಿಮಾಗಳೆಲ್ಲ ಆಮೇಲೆ. ಕಾಪಿ ಪದೇ ಪದೇ ನಿಲ್ಲುತ್ತಿದ್ದರೆ ಲಿನಕ್ಸ್‌ನಲ್ಲಿ ಡಿಡಿರೆಸ್ಕ್ಯೂ ಬಳಸಿ ಅಷ್ಟೇ ಅಥವಾ ಅದಕ್ಕಿಂತ ದೊಡ್ಡ ಡಿಸ್ಕ್‌ಗೆ ಪೂರ್ತಿ ಪ್ರತಿ ತೆಗೆಯಿರಿ. ಮ್ಯಾಪ್ ಫೈಲ್ ಕೊಡಲು ಮರೆಯಬೇಡಿ, ಅದಿದ್ದರೆ ನಿಂತ ಜಾಗದಿಂದಲೇ ಮುಂದುವರಿಸಬಹುದು. ಕೆಟ್ಟ ಜಾಗ ಬಿಟ್ಟು ಮೊದಲು ಒಳ್ಳೆಯದನ್ನೆಲ್ಲ ಎತ್ತಿಕೊಂಡು, ಕೆಟ್ಟದ್ದಕ್ಕೆ ಆಮೇಲೆ ಬರುವುದು ಅದರ ಜಾಣ್ಮೆ.

ಟಿಕ್ ಟಿಕ್ ಡಿಸ್ಕ್‌ಗೆ ಮನೆಮದ್ದಿಲ್ಲ. ಫ್ರೀಜರ್‌ನಲ್ಲಿಡುವ ಸಲಹೆ ಇನ್ನೂ ಓಡಾಡುತ್ತಿದೆ. ಹೊರತೆಗೆದಾಗ ಒಳಗೆ ನೀರಹನಿ ಕಟ್ಟಿ ಉಳಿದದ್ದೂ ಹೋಗುತ್ತದೆ. ಮೇಲಿನ ಮುಚ್ಚಳ ಬಿಚ್ಚುವುದೂ ಅಷ್ಟೇ, ಕಣ್ಣಿಗೆ ಕಾಣದ ಧೂಳು ಸಾಕು. ಅದೇ ಮಾಡೆಲ್‌ನ ಇನ್ನೊಂದು ಡಿಸ್ಕ್‌ನ ಬೋರ್ಡ್ ತಂದು ಹಾಕಿದರೂ ಈಗಿನ ಡಿಸ್ಕ್‌ಗಳು ಸಾಮಾನ್ಯವಾಗಿ ನಡೆಯುವುದಿಲ್ಲ, ಹಳೇ ಬೋರ್ಡ್‌ನ ರೋಮ್ (ROM) ಚಿಪ್ ಕಿತ್ತು ಹೊಸದಕ್ಕೆ ಬೆಸೆಯಬೇಕು.

ರಿಕವರಿ ಲ್ಯಾಬ್‌ಗೇ ಕೊಡುವುದಾದರೆ ಡಿಸ್ಕ್ ಬಿಚ್ಚಲು ಧೂಳಿಲ್ಲದ ಕ್ಲೀನ್ ರೂಂ ಅಥವಾ ಕ್ಲೀನ್ ಬೆಂಚ್ ಅವರದ್ದೇ ಇದೆಯೇ, ಬೇರೆಡೆಗೆ ಕಳಿಸುತ್ತಾರೆಯೇ ಕೇಳಿ. ಪರೀಕ್ಷೆಯ ಶುಲ್ಕ ಎಷ್ಟು, ಏನೂ ಸಿಗದಿದ್ದರೆ ಎಷ್ಟು ಅನ್ನುವುದನ್ನು ಬರಹದಲ್ಲಿ ಪಡೆಯಿರಿ. ಬಾಕಿ ಕೊಡುವ ಮೊದಲು ಸಿಕ್ಕ ಫೈಲ್‌ಗಳ ಪಟ್ಟಿ ನೋಡಿ, ಎರಡು ವಿಡಿಯೊ ತೆರೆದು ತೋರಿಸಲು ಹೇಳಿ. ಡಿಸ್ಕನ್ನು ಕೇಸ್ ಮತ್ತು ಬೋರ್ಡ್ ಸಮೇತ ಕೊಡಿ. ಕೆಲವು ಮೈ ಪಾಸ್‌ಪೋರ್ಟ್‌ಗಳಲ್ಲಿ ನೀವು ಪಾಸ್‌ವರ್ಡ್ ಇಡದಿದ್ದರೂ ಯುಎಸ್‌ಬಿ ಬೋರ್ಡ್ ಡೇಟಾವನ್ನು ಎನ್‌ಕ್ರಿಪ್ಟ್ ಮಾಡಿಯೇ ಬರೆದಿರುತ್ತದೆ. ಆ ಬೋರ್ಡ್ ಕಸದ ಬುಟ್ಟಿಗೆ ಹೋಗಿದ್ದರೆ ಪ್ಲೇಟ್‌ಗಳು ಎಷ್ಟೇ ಚೆನ್ನಾಗಿದ್ದರೂ ಲ್ಯಾಬ್‌ನವರ ಕೆಲಸ ಬಹಳ ಕಷ್ಟವಾಗುತ್ತದೆ.