ಊಟ ಆಯ್ತಾ?

ಉಡುಪಿಯಲ್ಲಿ ಹನ್ನೊಂದೂವರೆ ದಾಟಿದ ಮೇಲೆ ದಾರಿಯಲ್ಲಿ ಯಾರು ಸಿಕ್ಕಿದರೂ ಕೇಳುವುದು ಒಂದೇ ಮಾತು. ‘ಊಟ ಆಯ್ತಾ?’ ತುಳುವಿನಲ್ಲಾದರೆ ‘ಒಣಸ್ ಆಂಡಾ?’ ನಾಲ್ಕು ಗಂಟೆಯವರೆಗೆ ಇದು ನಡೆಯುತ್ತದೆ. ಆಮೇಲೆ ‘ಚಾ ಆಯ್ತಾ?’ ಶುರು. ಉತ್ತರವೂ ಒಂದೇ, ‘ಆಯ್ತು.’ ಆಗದಿದ್ದರೂ ಆಯ್ತು. ಸಲಿಗೆ ಜಾಸ್ತಿ ಇದ್ದವರು ‘ದಾದ ಕಜಿಪು?’ ಎಂದು, ಅಂದರೆ ಅನ್ನಕ್ಕೆ ಏನು ಪದಾರ್ಥ ಎಂದೂ ವಿಚಾರಿಸುತ್ತಾರೆ. ಅಲ್ಲಿ ಸ್ವಲ್ಪ ಸುಳ್ಳಿಗೆ ಜಾಗ ಉಂಟು. ನಿನ್ನೆಯ ಬಂಗುಡೆ ಮೀನನ್ನು ಇವತ್ತಿನ ದುಬಾರಿ ಅಂಜಲ್ ಎಂದು ಹೇಳಿದವರು ನನಗೆ ಗೊತ್ತು. (ಹೇಳಿದ್ದು ನಾನೇ.)

ಹೋದ ಮಳೆಗಾಲದಲ್ಲಿ ಒಮ್ಮೆ ಬಾಯಿ ತಪ್ಪಿತು. ಮೂರೂವರೆ ಗಂಟೆ. ಎಲ್ಲೋ ಕ್ಯೂನಲ್ಲಿ ನಿಂತು ಸುಸ್ತಾಗಿ, ಕುಂಜಿಬೆಟ್ಟಿನಲ್ಲಿ ಬಸ್ಸಿಳಿದು ನಡೆದು ಬರುತ್ತಿದ್ದೆ. ಪಕ್ಕದ ಮನೆಯ ಅಕ್ಕ ಗೇಟಿನ ಹತ್ತಿರ ಕೊಡೆ ಕೊಡವುತ್ತಿದ್ದರು. ನನ್ನ ಮುಖ ಸಹ ನೋಡದೆ ಕೇಳಿದರು, ‘ಊಟ ಆಯ್ತಾ?’

‘ಇಲ್ಲ’ ಅಂದುಬಿಟ್ಟೆ.

ಕೊಡೆ ಅರ್ಧಕ್ಕೇ ನಿಂತಿತು. ಈಗ ನನ್ನ ಮುಖ ನೋಡಿದರು. ‘ಇಲ್ವಾ? ಯಾಕೆ? ಎಂತ ಆಯ್ತು?’ ಐದೇ ನಿಮಿಷದಲ್ಲಿ ನಾನು ಅವರ ಅಡುಗೆಮನೆಯಲ್ಲಿದ್ದೆ. ಕುಚ್ಚಲಕ್ಕಿ ಗಂಜಿ, ತಿಮರೆ (ಒಂದೆಲಗ) ಚಟ್ನಿ, ಒಂದು ಮಾವಿನ ಮಿಡಿ. ‘ಬೇಡ, ಬೇಡ’ ಎಂದು ಮೂರು ಸಲ ಹೇಳಿದೆ. ಅದೂ ಹೇಳಲೇಬೇಕಾದ ಮಾತು ತಾನೇ, ಹಾಗಾಗಿ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಸಂಜೆಯ ಹೊತ್ತಿಗೆ ನಮ್ಮ ಬೀದಿಯಲ್ಲಿ ಸುದ್ದಿ: ನನ್ನ ಹೆಂಡತಿ ಸಿಟ್ಟು ಮಾಡಿಕೊಂಡು ತವರಿಗೆ ಹೋಗಿದ್ದಾಳಂತೆ. ಪಾಪ, ಅವಳು ಮಲ್ಪೆಗೆ ಒಂದು ಸೀಮಂತಕ್ಕೆ ಹೋಗಿದ್ದಳು.

ಹೀಗೆ ವಾಡಿಕೆ ತಪ್ಪಿಸುವುದನ್ನು ಬೇಕೆಂದೇ ಮಾಡಿಸಿದವರೂ ಇದ್ದಾರೆ. ಹೆರಾಲ್ಡ್ ಗಾರ್ಫಿಂಕೆಲ್ ಅಂತ, ಲಾಸ್ ಏಂಜಲೀಸ್‌ನಲ್ಲಿ ಸಮಾಜಶಾಸ್ತ್ರದ ಮೇಷ್ಟ್ರಾಗಿದ್ದರು. 1967ರ ಅವರ ಪುಸ್ತಕದಲ್ಲಿ ಆ ಕಥೆಗಳು ಬರುತ್ತವೆ. ‘ಹೇಗಿದ್ದೀಯಾ?’ ಎಂದು ಕೇಳಿದವನಿಗೆ ಅವರ ವಿದ್ಯಾರ್ಥಿ ‘ಯಾವ ವಿಷಯದಲ್ಲಿ? ಆರೋಗ್ಯವಾ, ದುಡ್ಡಾ, ಓದಾ?’ ಎಂದು ತಿರುಗಿ ಕೇಳುತ್ತಾನೆ. ಕೇಳಿದವನ ಮುಖ ಕೆಂಪಾಗುತ್ತದೆ. ಮರ್ಯಾದೆಗೆ ಕೇಳಿದ್ದಪ್ಪಾ, ನೀನು ಹೇಗಿದ್ದರೆ ನನಗೇನು ಎಂದು ರೇಗುತ್ತಾನೆ. ಇನ್ನೊಂದು ಸಲ ಮೇಷ್ಟ್ರು, ನಿಮ್ಮ ಮನೆಯಲ್ಲೇ ಬಾಡಿಗೆಗೆ ಬಂದವರ ಹಾಗೆ ಸ್ವಲ್ಪ ಹೊತ್ತು ಇರಿ ಎಂದು ವಿದ್ಯಾರ್ಥಿಗಳನ್ನು ಕಳಿಸಿದರು. ಒಬ್ಬ ಹುಡುಗ ಫ್ರಿಜ್‌ನಿಂದ ತಿಂಡಿ ತಗೊಳ್ಳಬಹುದಾ ಎಂದು ಅಮ್ಮನ ಅಪ್ಪಣೆ ಕೇಳಿದ. ಇಷ್ಟು ವರ್ಷ ಕೇಳದೆ ತಿಂದವನಿಗೆ ಇವತ್ತೇನು ಬಂತು ಎಂದು ತಾಯಿ ಗಾಬರಿಯಾದಳು. ಹುಷಾರಿಲ್ವಾ, ಕೆಲಸ ಹೋಯ್ತಾ ಎಂದು ಕೇಳಿದ ಮನೆಗಳೂ ಇದ್ದವು. ನಮ್ಮ ಬೀದಿಯ ಹಾಗೇ, ಅಲ್ವಾ? ಅಕ್ಕನ ಮುಖ ಮಾತ್ರ ಕೆಂಪಾಗಲಿಲ್ಲ. ಅವರು ಸುಮ್ನೆ ಕೇಳಿದ್ದೇ ಇರಬಹುದು, ಗಂಜಿ ಮಾತ್ರ ಬಿಸಿಯಾಗಿತ್ತು.

ಮೊನ್ನೆ ಮಧ್ಯಾಹ್ನ ಎರಡಕ್ಕೆ ಮೇಲಿನ ಮನೆಯ ಹುಡುಗ ಮೆಟ್ಟಿಲಲ್ಲಿ ಸಿಕ್ಕಿದ. ಮಣಿಪಾಲದಲ್ಲಿ ಓದುತ್ತಾನೆ, ದೆಹಲಿ ಕಡೆಯವ, ಈಗಷ್ಟೇ ಕನ್ನಡ ಕಲಿಯುತ್ತಿದ್ದಾನೆ. ಮೊಬೈಲ್ ನೋಡುತ್ತಲೇ ಕೇಳಿದೆ, ‘ಊಟ ಆಯ್ತಾ?’

ಅವನು ನಿಂತ. ಯೋಚಿಸಿ, ಒಂದೊಂದೇ ಶಬ್ದ ಜೋಡಿಸಿ ಹೇಳಿದ, ‘ಇಲ್ಲ ಅಂಕಲ್. ತುಂಬಾ ಹಸಿವು ಇದೆ.’

ಮನೆಯಲ್ಲಿ ಇದ್ದದ್ದು ಒಂದು ಸೌಟು ಸಾರು. ನಾನು ಮೊಬೈಲ್ ಜೇಬಿಗೆ ಹಾಕಿ, ಅಕ್ಕನ ಮನೆಯ ಗೇಟು ತೆರೆದಿದೆಯೋ ಎಂದು ಇಣುಕಿ ನೋಡಿದೆ.