ಅಳಿವೆಯ ಕೊಳಕು ಅಳೆಯಲು ಬಳಚನ್ನು ನಂಬಬಹುದೇ?

ಪರ

ಅಳಿವೆಯ ನೀರು ಒಂದೇ ಥರ ಇರುವುದಿಲ್ಲ. ಉಬ್ಬರ ಬಂದರೆ ಸಮುದ್ರದ ನೀರು, ಇಳಿತವಾದರೆ ಹೊಳೆಯ ನೀರು. ಬಾಟಲಿಯಲ್ಲಿ ತುಂಬಿಸಿ ಲ್ಯಾಬಿಗೆ ಕಳಿಸಿದ್ದು ಆ ಗಳಿಗೆಯದ್ದು ಮಾತ್ರ. ಹಿಂದಿನ ರಾತ್ರಿ ಯಾರಾದರೂ ಕೊಳಕು ಬಿಟ್ಟಿದ್ದರೆ ಅಷ್ಟೊತ್ತಿಗೆ ಅದು ಸಮುದ್ರ ಸೇರಿರುತ್ತದೆ.

ಬಳಚು (ಎರಡು ಚಿಪ್ಪಿನ ಸಣ್ಣ ಜೀವಿ, ದಕ್ಷಿಣ ಕನ್ನಡದವರು ಮರುವಾಯಿ ಅನ್ನುತ್ತಾರೆ) ಮರಳಿನಲ್ಲಿ ಹೂತುಕೊಂಡು, ಅಲ್ಲೇ ಇದ್ದು, ನೀರು ಎಳೆದು ಸೋಸಿ ತಿನ್ನುತ್ತದೆ. ನೀರಿನಲ್ಲಿ ಅಳೆಯಲೂ ಕಷ್ಟವಾಗುವಷ್ಟು ಕಡಿಮೆ ಇರುವ ಕ್ಯಾಡ್ಮಿಯಂ, ಪಾದರಸದಂಥ ವಿಷಲೋಹಗಳು ವಾರಗಟ್ಟಲೆ ಅದರ ಮಾಂಸದಲ್ಲಿ ಕೂಡಿಕೊಳ್ಳುತ್ತವೆ. ಚಿಪ್ಪುಜೀವಿಗಳ ಈ ಗುಣ ನೋಡಿಯೇ ಸಮುದ್ರ ರಸಾಯನ ವಿಜ್ಞಾನಿ ಎಡ್ವರ್ಡ್ ಗೋಲ್ಡ್‌ಬರ್ಗ್ 1975ರಲ್ಲಿ, ಚಿಪ್ಪುಜೀವಿಗಳನ್ನು ಪರೀಕ್ಷಿಸಿ ಕರಾವಳಿಯ ಕೊಳಕು ಅಳೆಯುವ 'ಮಸಲ್ ವಾಚ್' ಯೋಜನೆ ಸೂಚಿಸಿದರು. ಅಮೆರಿಕ 1986ರಲ್ಲಿ ತನ್ನ ಕರಾವಳಿಯಲ್ಲಿ ಅದನ್ನು ಶುರು ಮಾಡಿತು.

ಫ್ರಾನ್ಸಿನ ಆರ್ಕಶಾನ್ ಕೊಲ್ಲಿಯನ್ನೇ ನೋಡಿ. 1970ರ ದಶಕದ ಕೊನೆಗೆ ಅಲ್ಲಿ ಸಿಂಪಿಗಳ ಚಿಪ್ಪು ವಿಕಾರವಾಗಿ ದಪ್ಪಗಾಯಿತು, ಮರಿಗಳು ಉಳಿಯಲಿಲ್ಲ. ಕಾರಣ, ಪಾಚಿ, ಚಿಪ್ಪು ಅಂಟದಂತೆ ದೋಣಿಗಳ ತಳಕ್ಕೆ ಬಳಿಯುತ್ತಿದ್ದ, ಟ್ರೈಬ್ಯುಟೈಲ್ ಟಿನ್ ಎಂಬ ವಿಷ ಬೆರೆತ ಬಣ್ಣ. 1982ರಲ್ಲಿ ಫ್ರಾನ್ಸ್ ಸಣ್ಣ ದೋಣಿಗಳಿಗೆ ಅದನ್ನು ನಿಷೇಧಿಸಿತು. 2008ರಲ್ಲಿ ಇಂಥ ಬಣ್ಣ ತಡೆಯುವ ಜಾಗತಿಕ ಒಪ್ಪಂದವೇ ಜಾರಿಗೆ ಬಂತು.

ಕುಮಟಾದ ಅಘನಾಶಿನಿ ಅಳಿವೆ ರಾಮ್‌ಸರ್ ತಾಣ, ಅಂದರೆ ಜಾಗತಿಕ ಮಹತ್ವದ ಜೌಗು ಪ್ರದೇಶ, ಎಂದು 2024ರಲ್ಲಿ ಘೋಷಣೆಯಾಯಿತು. ಅಲ್ಲಿ ಇಳಿತದ ಹೊತ್ತಿಗೆ ಹೆಂಗಸರು, ಗಂಡಸರು ನೀರಿಗಿಳಿದು ಬಳಚು ಆರಿಸುತ್ತಾರೆ. ಮನೆ ಅಡುಗೆಗೂ ಅದೇ, ಮಾರಾಟಕ್ಕೂ ಅದೇ. ಅವರ ತಟ್ಟೆಗೆ ಏನು ಬರುತ್ತಿದೆ ಎಂದು ಬಾಟಲಿ ನೀರು ಹೇಳಲಾರದು. ಈಗಲೇ ಅಳೆದು ಬರೆದಿಟ್ಟರೆ, ಮುಂದೆ ಹೊಳೆ ಕೆಟ್ಟಾಗ ಹೋಲಿಸಲು ಒಂದು ಲೆಕ್ಕ ಕೈಯಲ್ಲಿರುತ್ತದೆ.

ವಿರೋಧ

ಬಳಚಿನ ಮೈ ವರ್ಷವಿಡೀ ಒಂದೇ ಹದದಲ್ಲಿ ಇರುವುದಿಲ್ಲ. ಮೊಟ್ಟೆ ಬಿಟ್ಟ ಮೇಲೆ ಸೊರಗುತ್ತದೆ. ಆಗ ಲೋಹ ಅಷ್ಟೇ ಇದ್ದರೂ ಗ್ರಾಂ ಲೆಕ್ಕದಲ್ಲಿ ಜಾಸ್ತಿ ಕಾಣಬಹುದು. ಮಳೆಗಾಲದಲ್ಲಿ ಸಿಹಿನೀರು ನುಗ್ಗಿದರೆ ಚಿಪ್ಪು ಮುಚ್ಚಿ ಕೂರುತ್ತದೆ. ಗದ್ದೆ, ತೋಟ, ಊರಿನ ಕೊಳೆ ಹೊಳೆಗೆ ಹರಿದು ಬರುವುದೂ ಆಗಲೇ ಅಲ್ವಾ? ಪಚ್ಚಿಲೆಯಂಥ (ಬಂಡೆಗೆ ಅಂಟಿ ಬೆಳೆಯುವ ಮಸಲ್) ಚಿಪ್ಪುಜೀವಿಗಳು ಮೈಯೊಳಗಿನ ಸತುವನ್ನು ಸ್ವಲ್ಪ ಮಟ್ಟಿಗೆ ತಾವೇ ಹತೋಟಿಯಲ್ಲಿಡುತ್ತವೆ.

ಒಂದೇ ಗಾತ್ರದವನ್ನು, ಒಂದೇ ಋತುವಿನಲ್ಲಿ ಆರಿಸಿದರೆ ಈ ತೊಡಕು ಬಹುಪಾಲು ಕಳೆಯುತ್ತದೆ, ಒಪ್ಪುತ್ತೇನೆ. ನನ್ನ ದೊಡ್ಡ ತಕರಾರು ಬೇರೆ. ಬಳಚಿನಲ್ಲಿ ವಿಷ ಸಿಕ್ಕಿತು ಎಂಬ ಸುದ್ದಿ ಬಂದ ದಿನ ನಷ್ಟ ಯಾರಿಗೆ? ಮಾರ್ಕೆಟ್‌ನಲ್ಲಿ ಬುಟ್ಟಿ ಇಟ್ಟುಕೊಂಡು ಕೂತವಳಿಗೆ. ಕೊಳಕು ಬಿಟ್ಟವರು ಯಾರೆಂದು ಬಳಚಿನ ಪರೀಕ್ಷೆ ತಾನಾಗಿ ತೋರಿಸುವುದಿಲ್ಲ.

ಜಪಾನಿನ ಮಿನಮಾಟಾದಲ್ಲಿ ಕೊಲ್ಲಿಯ ಮೀನು, ಚಿಪ್ಪು ತಿಂದವರ ಕಾಯಿಲೆ 1956ರಲ್ಲೇ ಅಧಿಕೃತವಾಗಿ ದಾಖಲಾಯಿತು. ಅನುಮಾನ ಬೇಗನೇ ಆ ಮೀನು, ಚಿಪ್ಪುಗಳ ಮೇಲೆ ಬಂತು. ಬೆಸ್ತರ ಬದುಕು ಮುರಿದುಬಿತ್ತು. ಕೊಲ್ಲಿಗೆ ಪಾದರಸದ ತ್ಯಾಜ್ಯ ಬಿಡುತ್ತಿದ್ದ ಕಾರ್ಖಾನೆ ಅದನ್ನು ನಿಲ್ಲಿಸಿದ್ದು ಮಾತ್ರ 1968ರಲ್ಲಿ. ಪುರಾವೆ ಕಣ್ಣೆದುರಿಗಿತ್ತು, ಕೊಳವೆ ಮುಚ್ಚಿಸುವವರು ಇರಲಿಲ್ಲ.

ಹಾಗಾಗಿ ಮೊದಲ ಖರ್ಚು ಕಾರ್ಖಾನೆಯ ಕೊಳವೆ, ಪಟ್ಟಣದ ಚರಂಡಿ ಹೊಳೆ ಸೇರುವ ಜಾಗದಲ್ಲೇ ಆಗಲಿ. ಅಲ್ಲಿನ ಅಳತೆ ದಿನವೂ ಎಲ್ಲರಿಗೂ ಕಾಣಲಿ. ಬಳಚಿನ ಪರೀಕ್ಷೆಯೂ ಬೇಕೇ ಬೇಕು ಎಂದಾದರೆ, ಫಲಿತಾಂಶ ಕೆಟ್ಟದಾಗಿ ಬಂದಾಗ ಆರಿಸುವವರಿಗೆ ಪರಿಹಾರ ಎಷ್ಟು, ಕೊಡುವವರು ಯಾರು ಎಂದು ಮೊದಲೇ ಬರೆದಿಡಿ.