ಇನ್ನೊಂದು ಸಲ ಮುಟ್ಟಿ ನೋಡು ಅಂತ ಕೇಳುವುದನ್ನು ಬಿಟ್ಟ ಮೇಲೆ

ಒಂದೇ ಭಾನುವಾರ ಅಕ್ಕನ ಕೈಯಲ್ಲಿ 11 ಸಲ ಕುತ್ತಿಗೆ ಮುಟ್ಟಿಸಿದ್ದೆ. "ಇಲ್ಲಿ ನೋಡು, ಗಂಟು ನಿನ್ನೆಗಿಂತ ದೊಡ್ಡದಾಗಿದೆ ಅಲ್ವಾ?" ಅಂತ. ಈ 11 ನನ್ನ ಲೆಕ್ಕ ಅಲ್ಲ, ಅವಳದ್ದು. ಮೊದಲ ಮೂರು ಸಲ ಬೆರಳಿಟ್ಟು ನಿಧಾನವಾಗಿ ನೋಡಿ "ಏನೂ ಇಲ್ಲ ಕಣೋ" ಅಂದಳು. ಆಮೇಲೆ ಮುಟ್ಟದೆಯೇ ಅಂದಳು. ಕೊನೆಯ ಸಲ ಏನೂ ಹೇಳದೆ ಅತ್ತುಬಿಟ್ಟಳು. ಆಗ ನನಗೆ 24 ವರ್ಷ.

ಇದನ್ನು ಬರೆಯಬೇಕೋ ಬೇಡವೋ ಅಂತ ತುಂಬಾ ದಿನ ಯೋಚಿಸಿದೆ. ಹೋದ ವಾರ ಪರಿಚಯದ ಹುಡುಗಿಯೊಬ್ಬಳು ರಾತ್ರಿ ಒಂದೂವರೆಗೆ ಮೆಸೇಜ್ ಮಾಡಿದ್ದಳು. "ನಂಗೆ ಬ್ರೈನ್ ಟ್ಯೂಮರ್ ಇದೆ ಅನ್ನಿಸ್ತಿದೆ ಅಣ್ಣ, ಮನೆಯಲ್ಲಿ ಹೇಳಿದ್ರೆ ಬೈತಾರೆ." ಅವಳಿಗೆ ಇನ್ನೂ 20. ಅವಳಿಗೆ ಫೋನಿನಲ್ಲಿ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ನನ್ನ ಭಯ ಸುಮ್ನೆ ಹುಟ್ಟಿದ್ದಲ್ಲ. ಆ ಭಾನುವಾರಕ್ಕೆ ನಾಲ್ಕು ತಿಂಗಳ ಮೊದಲು ನನ್ನ ಜೊತೆ ಓದಿದ ಗೆಳೆಯ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡ. "ಯಾಕೋ ಸುಸ್ತು ಕಣೋ, ನಿದ್ದೆ ಸರಿಯಿಲ್ಲ ಅನ್ಸುತ್ತೆ" ಅಂತ ಶುರುವಾಗಿದ್ದು ಅವನದು. ಅವನು ಹೋದ ಮೇಲೆ ಸುಸ್ತು ಅನ್ನುವ ಪದಕ್ಕೆ ನನ್ನೊಳಗೆ ಬೇರೆಯೇ ಅರ್ಥ ಬಂತು. ಮೆಟ್ಟಿಲು ಹತ್ತಿ ಏದುಸಿರು ಬಂದರೆ ಸಾಕು, ಇದು ಅದೇನಾ ಅನ್ನಿಸುತ್ತಿತ್ತು.

ಎಲ್ಲರೂ ಹೇಳುತ್ತಿದ್ದದ್ದು ಒಂದೇ ಮಾತು: "ಈ ವಯಸ್ಸಿಗೆ ಏನಾಗುತ್ತೆ ನಿಂಗೆ?" ಪ್ರೀತಿಯಿಂದಲೇ ಹೇಳುತ್ತಿದ್ದರು. ಆದರೆ ತನ್ನದೇ ವಯಸ್ಸಿನವನನ್ನು ಕಳೆದುಕೊಂಡವನಿಗೆ ಆ ಮಾತು ಹಿಡಿಯುವುದಿಲ್ಲ. ಏನಾಗುತ್ತೆ ಅಂತ ಕಣ್ಣಾರೆ ನೋಡಿರುತ್ತಾನಲ್ಲ. ಚಿಕ್ಕ ವಯಸ್ಸಿನಲ್ಲಿ ಗಂಭೀರ ಕಾಯಿಲೆ ಅಪರೂಪ, ಅದು ಸತ್ಯ. ಅಪರೂಪ ಅಂದರೆ ಇಲ್ಲವೇ ಇಲ್ಲ ಅಂತಲ್ಲ, ಅದೂ ಸತ್ಯ. ಭಯ ಇರುವವರು ಈ ಎರಡನೆಯ ಸತ್ಯದಲ್ಲೇ ಮನೆ ಮಾಡಿಕೊಂಡಿರುತ್ತಾರೆ. ಮೊದಲನೆಯದನ್ನು ಎಷ್ಟು ಸಲ ಹೇಳಿದರೂ ಅವರು ಅಲ್ಲಿಂದ ಎದ್ದು ಬರುವುದಿಲ್ಲ.

ಇನ್ನೊಂದು ವಿಷಯವಿದೆ. ನಮ್ಮ ದೊಡ್ಡವರಿಗೆ ತಮ್ಮ ಮೈಯ ಪರಿಚಯ ಇರುತ್ತದೆ. ಈ ಮಂಡಿ ನೋವು ಹತ್ತು ವರ್ಷದಿಂದ ಇದೆ, ಈ ತಲೆನೋವು ನಿದ್ದೆಗೆಟ್ಟರೆ ಬರುತ್ತೆ ಅಂತ ಗೊತ್ತಿರುತ್ತದೆ. ನಮಗೆ ಎಲ್ಲವೂ ಮೊದಲ ಸಲ. ಎದೆಬಡಿತ ಒಂದು ಹೆಜ್ಜೆ ತಪ್ಪಿದ ಹಾಗಾಗುವುದು ಮೊದಲ ಸಲ, ಕಣ್ಣಿನ ರೆಪ್ಪೆ ಎರಡು ದಿನ ಅದುರುವುದು ಮೊದಲ ಸಲ. ಆರೋಗ್ಯವಾಗಿರುವವರಲ್ಲೂ ಇವೆರಡೂ ತೀರಾ ಸಾಮಾನ್ಯ ಅಂತ ನನಗೆ ಯಾರೂ ಹೇಳಿರಲಿಲ್ಲ.

ಗಂಟಿನ ವಿಷಯ ಹೇಳಿಬಿಡುತ್ತೇನೆ. ನಮ್ಮ ಮೈಯಲ್ಲಿ ಸೋಂಕನ್ನು ತಡೆಯುವ ನೂರಾರು ಸಣ್ಣ ಲಿಂಫ್ ಗ್ರಂಥಿಗಳಿವೆ, ಕುತ್ತಿಗೆಯಲ್ಲಿ ಜಾಸ್ತಿ. ನೆಗಡಿ, ಗಂಟಲು ನೋವು, ಹಲ್ಲಿನ ಸೋಂಕು, ಯಾವುದು ಬಂದರೂ ಅವು ಊದುತ್ತವೆ. ಇಳಿಯುವುದಕ್ಕೆ ಕೆಲವು ವಾರ ಹಿಡಿಯಬಹುದು. ತೆಳ್ಳಗಿರುವ ಹುಡುಗ ಹುಡುಗಿಯರಲ್ಲಿ ಏನೂ ತೊಂದರೆ ಇಲ್ಲದಿದ್ದರೂ ಸಣ್ಣ ಗ್ರಂಥಿ ಬೆರಳಿಗೆ ಸಿಗುತ್ತದೆ. ನಾನು ಅದನ್ನು ದಿನಕ್ಕೆ ಮೂವತ್ತು ನಲವತ್ತು ಸಲ ಒತ್ತುತ್ತಿದ್ದೆ. ಅಷ್ಟು ಒತ್ತಿದರೆ ಯಾವ ಜಾಗವಾದರೂ ನೋಯುತ್ತದೆ. ನೋವು ಶುರುವಾಯಿತು. ನೋವು ಇದೆ ಅಂದ ಮೇಲೆ ಏನೋ ಇರಲೇಬೇಕು ಅಂತ ಇನ್ನಷ್ಟು ಒತ್ತಿದೆ. ಆ ನೋವು ನನ್ನ ಬೆರಳಿನದೇ ಅಂತ ತಿಳಿಯುವುದಕ್ಕೆ ತಿಂಗಳುಗಳು ಬೇಕಾದವು.

ಭಯ ಬಂದಾಗ ಮೈಯಲ್ಲಿ ಏನಾಗುತ್ತದೆ ಅನ್ನುವುದು ಹೊಸ ವಿಷಯವೇನಲ್ಲ. ವಾಲ್ಟರ್ ಕ್ಯಾನನ್ ಎಂಬ ಶರೀರ ವಿಜ್ಞಾನಿ 1915ರಲ್ಲೇ ಬರೆದಿದ್ದರು: ಅಪಾಯ ಎದುರಾದರೆ ಮೈ ಹೊಡೆದಾಡಲು ಅಥವಾ ಓಡಿಹೋಗಲು ಸಜ್ಜಾಗುತ್ತದೆ. ಅಡ್ರಿನಲಿನ್ ಹರಿಯುತ್ತದೆ, ಎದೆ ಡವಡವ ಹೊಡೆದುಕೊಳ್ಳುತ್ತದೆ, ಅಂಗೈ ಬೆವರುತ್ತದೆ, ಹೊಟ್ಟೆ ಕಿವುಚಿದ ಹಾಗಾಗುತ್ತದೆ. ಉಸಿರು ಜೋರಾದಾಗ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಕಡಿಮೆಯಾಗಿ ಬೆರಳ ತುದಿ, ತುಟಿಯ ಸುತ್ತ ಜೋಮು ಹಿಡಿಯುತ್ತದೆ, ತಲೆ ಹಗುರಾಗುತ್ತದೆ. ಹುಲಿ ಎದುರಿಗಿದ್ದರೆ ಇದೆಲ್ಲ ಯಾಕೆ ಆಗುತ್ತಿದೆ ಅಂತ ನಮಗೆ ಅರ್ಥವಾಗುತ್ತದೆ. ಹಾಸಿಗೆಯಲ್ಲಿ ಮಲಗಿರುವಾಗ ಆದರೆ? ಕಾಯಿಲೆ ಅಂತಲೇ ಅನ್ನಿಸುತ್ತದೆ. ಆ ಭಯಕ್ಕೆ ಉಸಿರು ಇನ್ನೂ ಜೋರಾಗುತ್ತದೆ.

ಅದಕ್ಕೇ ಯಾರಾದರೂ "ಎಲ್ಲಾ ನಿನ್ನ ಭ್ರಮೆ" ಅಂದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಜೋಮು ನಿಜ. ಎದೆಬಡಿತ ನಿಜ. ನಾನು ಯಾವುದನ್ನೂ ಕಟ್ಟಿ ಹೇಳುತ್ತಿರಲಿಲ್ಲ. ನನ್ನ ತಪ್ಪು ಇದ್ದದ್ದು ಅದಕ್ಕೆ ನಾನು ಕೊಡುತ್ತಿದ್ದ ಅರ್ಥದಲ್ಲಿ ಮಾತ್ರ.

ಅಂಥ ರಾತ್ರಿಗಳಲ್ಲಿ ಫೋನ್ ಹಿಡಿದರೆ ಅಂಜಿದವನ ಮೇಲೆ ಕಪ್ಪೆ ಎಸೆದ ಹಾಗೆ. ಬೆರಳು ಜೋಮು ಅಂತ ಹುಡುಕಿ ಶುರು ಮಾಡಿದರೆ ಬೆಳಗಿನ ಜಾವಕ್ಕೆ ನರಗಳ ದೊಡ್ಡ ಕಾಯಿಲೆಯೊಂದರ ಪುಟದಲ್ಲಿ ಇರುತ್ತಿದ್ದೆ. ಮೈಕ್ರೋಸಾಫ್ಟ್‌ನ ಇಬ್ಬರು ಸಂಶೋಧಕರು, ರೈಯನ್ ವೈಟ್ ಮತ್ತು ಎರಿಕ್ ಹಾರ್ವಿಟ್ಜ್, ಇದನ್ನು ಅಧ್ಯಯನ ಮಾಡಿ 2009ರಲ್ಲಿ ಪ್ರಕಟಿಸಿದ್ದಾರೆ. ಸಾಮಾನ್ಯ ಲಕ್ಷಣವೊಂದರ ಹುಡುಕಾಟ ಹೇಗೆ ಮೆಲ್ಲಗೆ ಗಂಭೀರ ಕಾಯಿಲೆಗಳ ಕಡೆಗೆ ಜಾರುತ್ತದೆ ಅಂತ. ಅದನ್ನು ಓದಿದಾಗ ನನ್ನ ಕಣ್ಣು ತುಂಬಿತು. ಈ ದಾರಿಯಲ್ಲಿ ಜಾರಿದವನು ನಾನೊಬ್ಬನೇ ಅಲ್ಲ ಅಂತ ಗೊತ್ತಾಯಿತಲ್ಲ, ಅದಕ್ಕೆ.

ಪರೀಕ್ಷೆ ಮಾಡಿಸಿದರೆ ಮುಗಿಯುತ್ತೆ ಅಂದುಕೊಂಡಿದ್ದೆ. ಮುಗಿಯಲಿಲ್ಲ. ಪೂರ್ತಿ ಮೈಯ ತಪಾಸಣೆ ಮಾಡಿಸಿದೆ. ರಿಪೋರ್ಟಿನಲ್ಲಿ ಒಂದು ಸಂಖ್ಯೆ ಸ್ವಲ್ಪ ಆಚೀಚೆ ಇತ್ತು, ಅದನ್ನು ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿದ್ದರು. ಮೂರು ವಾರ ನಾನು ನಿದ್ದೆ ಮಾಡಲಿಲ್ಲ. ಕೊನೆಗೆ ಒಬ್ಬ ಡಾಕ್ಟರ್ ಪೆನ್ನು ಹಿಡಿದು ಲೆಕ್ಕ ಮಾಡಿ ತೋರಿಸಿದರು. ಎಷ್ಟೋ ಪರೀಕ್ಷೆಗಳಲ್ಲಿ ನಾರ್ಮಲ್ ಅಂದರೆ ಆರೋಗ್ಯವಂತರಲ್ಲಿ ನಡುವಿನ 95 ಶೇಕಡಾ ಜನರ ಅಳತೆ. ಅಂದರೆ ಏನೂ ಕಾಯಿಲೆ ಇಲ್ಲದ 20 ಜನರಲ್ಲಿ ಒಬ್ಬರು ಹೇಗೂ ಆ ಗೆರೆಯ ಆಚೆ ಇರುತ್ತಾರೆ. ಒಬ್ಬರಿಗೇ ಒಂದಕ್ಕೊಂದು ಸಂಬಂಧವಿಲ್ಲದ ಇಂಥ 20 ಪರೀಕ್ಷೆ ಮಾಡಿದರೆ, ಎಲ್ಲ ಸರಿಯಿದ್ದರೂ ಒಂದಾದರೂ ತಪ್ಪಿ ಬರುವ ಸಾಧ್ಯತೆ ಸುಮಾರು 64 ಶೇಕಡಾ! ಕಾರಣವಿಲ್ಲದೆ ಪರೀಕ್ಷೆ ಜಾಸ್ತಿ ಮಾಡಿಸಿದಷ್ಟೂ ಹೆದರಲು ಒಂದು ಸಂಖ್ಯೆ ಸಿಗುವುದು ಹೆಚ್ಚಾಗುತ್ತದೆ. ಹೆದರಿ ಬಂದವರಿಗೆ ಸಮಾಧಾನಕ್ಕೆ ಅಂತ ಒಂದರ ಮೇಲೊಂದು ಪರೀಕ್ಷೆ ಬರೆದುಕೊಡುವುದು ದಯೆ ಅಲ್ಲ ಅಂತ ನನಗೆ ಅವತ್ತೇ ಅನ್ನಿಸಿತು. ಕೂತು ಹತ್ತು ನಿಮಿಷ ಮಾತಾಡುವುದು ದಯೆ.

ಆ ಡಾಕ್ಟರೇ ನನ್ನನ್ನು ಮನಶ್ಶಾಸ್ತ್ರಜ್ಞೆಯೊಬ್ಬರ ಹತ್ತಿರ ಕಳಿಸಿದ್ದು. ಹೋಗಲು ಮನಸ್ಸಿರಲಿಲ್ಲ. ಅಲ್ಲಿಗೆ ಹೋದರೆ ಕುತ್ತಿಗೆಯ ಗಂಟನ್ನು ಇನ್ನು ಯಾರೂ ನೋಡುವುದಿಲ್ಲ ಅನ್ನುವ ಹೆದರಿಕೆ. ಅವರು ಮೊದಲ ದಿನ ಕೇಳಿದ್ದು ಒಂದೇ ಪ್ರಶ್ನೆ: "ಅಕ್ಕ ಏನೂ ಇಲ್ಲ ಅಂತ ಹೇಳಿದ ಮೇಲೆ ನಿಮ್ಮ ಸಮಾಧಾನ ಎಷ್ಟು ಹೊತ್ತು ಇರುತ್ತೆ?"

ಒಂದು ವಾರ ಬರೆದಿಟ್ಟೆ. ಸೋಮವಾರ ಎರಡು ಗಂಟೆ. ಬುಧವಾರ ಮುಕ್ಕಾಲು ಗಂಟೆ. ಶನಿವಾರಕ್ಕೆ ಹದಿನೈದು ನಿಮಿಷ.

ನನ್ನ ಪಾಲಿಗೆ ಎಲ್ಲ ಬದಲಾಗಿದ್ದು ಆ ಚೀಟಿಯಿಂದ. ತುರಿಕೆ ಇದ್ದ ಹಾಗೆ ಅದು, ಕೆರೆದಾಗ ಹಾಯ್ ಅನ್ನಿಸುತ್ತದೆ, ಆಮೇಲೆ ಇನ್ನೂ ಜೋರಾಗಿ ಬರುತ್ತದೆ. ಪಾಲ್ ಸಾಲ್ಕೋವ್‌ಸ್ಕಿಸ್ ಮತ್ತು ಹಿಲರಿ ವಾರ್‌ವಿಕ್ ಎಂಬ ಇಬ್ಬರು ಮನೋತಜ್ಞರು 1986ರಲ್ಲೇ ಈ ಬಗ್ಗೆ ಬರೆದಿದ್ದಾರಂತೆ. ಮತ್ತೆ ಮತ್ತೆ ಧೈರ್ಯ ಕೇಳುವುದೇ ಭಯವನ್ನು ಉಳಿಸುತ್ತದೆ ಅಂತ. ಪ್ರತಿ ಸಲ ಕೇಳಿ ಹಗುರಾದಾಗ ನಮ್ಮ ಮನಸ್ಸು ಕಲಿಯುವುದು ಒಂದೇ ಪಾಠ: ಅಪಾಯ ಇತ್ತು, ಕೇಳಿದ್ದಕ್ಕೆ ಬಚಾವಾದೆ. ಕೇಳದಿದ್ದರೂ ಏನೂ ಆಗುತ್ತಿರಲಿಲ್ಲ ಅಂತ ತಿಳಿಯುವ ಅವಕಾಶವೇ ಅದಕ್ಕೆ ಸಿಗುವುದಿಲ್ಲ. ನಾನು ಅಷ್ಟು ದಿನ ಕಾಯಿಲೆ ಇಲ್ಲ ಅನ್ನುವ ಖಾತ್ರಿ ಹುಡುಕುತ್ತಿದ್ದೆ. ನೂರಕ್ಕೆ ನೂರು ಖಾತ್ರಿ ಯಾರ ಮೈಗೂ ಇಲ್ಲ, ಅದನ್ನು ಯಾವ ಡಾಕ್ಟರೂ ಕೊಡಲಾರರು. ಸಿಗದೇ ಇರುವುದನ್ನು ಅಕ್ಕನ ಹತ್ತಿರ 11 ಸಲ ಬೇಡಿದ್ದೆ.

ಆಮೇಲೆ ಮಾಡಿದ್ದು ಕೇಳಲು ಸಣ್ಣದು, ಮಾಡಲು ಬಹಳ ಕಷ್ಟ. ಕುತ್ತಿಗೆ ಮುಟ್ಟುವುದು ದಿನಕ್ಕೆ ಒಂದೇ ಸಲ, ಗಡಿಯಾರ ನೋಡಿಕೊಂಡು. ಕೆಲವು ವಾರದ ನಂತರ ವಾರಕ್ಕೊಂದು ಸಲ. ನಾಡಿ ಎಣಿಸುವ ಕೈಗಡಿಯಾರವನ್ನು ಬಿಚ್ಚಿಟ್ಟೆ. ಸುಮ್ಮನೆ ಕೂತಾಗ ನಿಮಿಷಕ್ಕೆ 60ರಿಂದ 100 ಬಡಿತ ಎಲ್ಲವೂ ಸಾಮಾನ್ಯವೇ ಅಂತ ಗೊತ್ತಿದ್ದೂ, 78 ಇದ್ದದ್ದು 84 ಆದರೆ ಬೆವರುತ್ತಿದ್ದೆ. ಒಬ್ಬರೇ ಡಾಕ್ಟರ್ ಹತ್ತಿರ ಹೋಗಬೇಕು, ಅವರು ಹೇಳಿದ ದಿನವೇ ಹೋಗಬೇಕು ಅಂತ ನಿಶ್ಚಯ ಮಾಡಿಕೊಂಡೆ.

ಅಕ್ಕನಿಗೆ ಕೊಟ್ಟ ಕೆಲಸ ನನ್ನದಕ್ಕಿಂತ ಕಷ್ಟದ್ದು. ನಾನು ಕೇಳಿದಾಗ "ಏನೂ ಇಲ್ಲ" ಅನ್ನಬಾರದು, ಬೈಯಲೂಬಾರದು. "ಅದಕ್ಕೆ ನಾನು ಉತ್ತರ ಹೇಳಲ್ಲ. ಬಾ, ಇಲ್ಲಿ ಕೂತ್ಕೋ" ಅನ್ನಬೇಕು. ಇಷ್ಟೇ. ಮೊದಲ ಸಂಜೆ ನಾನು ಕೈ ಹಿಂಡಿಕೊಂಡು ಬೇಡಿದೆ, ಒಂದೇ ಸಲ ನೋಡು ಅಂತ. ಅವಳ ಕಣ್ಣಲ್ಲಿ ನೀರಿತ್ತು, ಆದರೆ ಮುಟ್ಟಲಿಲ್ಲ. ಪಕ್ಕದಲ್ಲಿ ಕೂತಳು. ಭಯ ಏರಿತು, ಏರಿತು, ಇನ್ನು ಸತ್ತೇಹೋಗುತ್ತೇನೆ ಅನ್ನುವಷ್ಟು ಏರಿತು. ಸುಮಾರು ನಲವತ್ತು ನಿಮಿಷಕ್ಕೆ ತಾನಾಗಿ ಇಳಿಯಿತು. ಯಾರೂ ಇಳಿಸಲಿಲ್ಲ. ಭಯ ಹಾಗೆ ತಾನಾಗಿ ಇಳಿಯಬಲ್ಲದು ಅಂತ 24 ವರ್ಷದಲ್ಲಿ ಮೊದಲ ಸಲ ನೋಡಿದೆ.

ಮನೆಯವರಿಗೆ ನನ್ನ ಬೇಡಿಕೆ ಇದೇ. ಗದರಬೇಡಿ. ದಿನಕ್ಕೆ ಇಪ್ಪತ್ತು ಸಲ ಸಮಾಧಾನವನ್ನೂ ಹೇಳಬೇಡಿ. ಪಕ್ಕದಲ್ಲಿ ಕೂರಿ.

ಒಂದು ಮಾತು ಸ್ಪಷ್ಟವಾಗಿ ಹೇಳಬೇಕು. ಇದು ಡಾಕ್ಟರ್ ಹತ್ತಿರ ಹೋಗಬೇಡಿ ಅನ್ನುವ ಬರಹ ಅಲ್ಲ. ಬೆವರಿನ ಜೊತೆ ಎದೆ ಹಿಂಡುವ ನೋವು, ಒಂದು ಕಡೆಯ ಕೈಕಾಲು ಸೋಲುವುದು, ಮಾತು ತೊದಲುವುದು, ಪ್ರಜ್ಞೆ ತಪ್ಪುವುದು ಇದ್ದರೆ ಕಾಯಬೇಡಿ, ತಕ್ಷಣ ಹೋಗಿ. ಕಾರಣವಿಲ್ಲದೆ ತೂಕ ಇಳಿಯುತ್ತಿದ್ದರೆ, ರಕ್ತ ಬೀಳುತ್ತಿದ್ದರೆ, ಗಂಟು ವಾರ ವಾರಕ್ಕೆ ಬೆಳೆಯುತ್ತಿದ್ದರೆ ಖಂಡಿತ ತೋರಿಸಿ. ಒಂದು ಸಲ ಸರಿಯಾಗಿ ತೋರಿಸಿ, ಅವರು ಹೇಳಿದ್ದನ್ನು ಬರೆದುಕೊಂಡು ಬನ್ನಿ. ಅದೇ ಗಂಟನ್ನು ಐದನೆಯವರಿಗೆ ತೋರಿಸಲು ಹೊರಟಾಗ ಮಾತ್ರ ನಿಂತು ಯೋಚಿಸಿ.

ಈ ಭಯಕ್ಕೆ ಚಿಕಿತ್ಸೆ ಇದೆ. ನನಗೆ ಕೊಟ್ಟದ್ದನ್ನು ಸಿಬಿಟಿ ಅನ್ನುತ್ತಾರೆ, ಯೋಚನೆ ಮತ್ತು ಅಭ್ಯಾಸಗಳನ್ನು ಬದಲಿಸಲು ಕಲಿಸುವ ಮಾತಿನ ಚಿಕಿತ್ಸೆ. ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ಆರೋಗ್ಯದ ಬಗ್ಗೆ ವಿಪರೀತ ಭಯವಿದ್ದ 444 ರೋಗಿಗಳನ್ನು ಸೇರಿಸಿಕೊಂಡು ಮಾಡಿದ ಅಧ್ಯಯನ 2014ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದಿದೆ. ಮಾಮೂಲಿ ಆರೈಕೆಗಿಂತ ಸಿಬಿಟಿ ಪಡೆದವರ ಭಯ ಚೆನ್ನಾಗಿ ಇಳಿದಿತ್ತು, ಎರಡು ವರ್ಷದ ನಂತರವೂ ಆ ವ್ಯತ್ಯಾಸ ಉಳಿದಿತ್ತು. ಕೆಲವರಿಗೆ ಮಾತ್ರೆಯೂ ಬೇಕಾಗುತ್ತದೆ. ಅದರಲ್ಲಿ ನಾಚಿಕೆ ಪಡುವಂಥದ್ದು ಏನಿದೆ?

ಇಷ್ಟೆಲ್ಲ ಆದರೂ ಒಂದು ಉಳಿದಿತ್ತು. ಎಂಟನೆಯ ಭೇಟಿಯಲ್ಲಿ ಮನಶ್ಶಾಸ್ತ್ರಜ್ಞೆ ತೀರಿಕೊಂಡ ಗೆಳೆಯನ ಬಗ್ಗೆ ಕೇಳಿದರು. ಕಾಯಿಲೆಯ ಬಗ್ಗೆ ಅಲ್ಲ, ಅವನ ಬಗ್ಗೆ. ಹೇಗೆ ನಗುತ್ತಿದ್ದ, ನನ್ನನ್ನು ಏನಂತ ಕರೆಯುತ್ತಿದ್ದ. ಅಷ್ಟು ತಿಂಗಳಲ್ಲಿ ನಾನು ಅವನಿಗಾಗಿ ಒಂದು ಸಲವೂ ಅತ್ತಿರಲಿಲ್ಲ. ಅವನ ಕೊನೆಯ ತಿಂಗಳಲ್ಲಿ ಆಸ್ಪತ್ರೆಗೆ ಹೋಗಲು ಹೆದರಿ ನೋಡಲು ಹೋಗಿರಲಿಲ್ಲ. "ಯಾವಾಗ ಬರ್ತೀಯ" ಅನ್ನುವ ಅವನ ಮೆಸೇಜ್ ಈಗಲೂ ಫೋನಿನಲ್ಲಿದೆ. ಅವತ್ತು ಅದನ್ನು ಮೊದಲ ಸಲ ಬಾಯಿಬಿಟ್ಟು ಹೇಳಿದೆ. ಆ ವಾರವಿಡೀ ಅತ್ತೆ. ಆ ವಾರ ಕುತ್ತಿಗೆಯ ನೆನಪೇ ಆಗಲಿಲ್ಲ.

ಇತ್ತೀಚೆಗೆ ಗಂಟಲು ನೋವು ಬಂದಿತ್ತು. ಅದೇ ಜಾಗದಲ್ಲಿ ಗಂಟು ಊದಿದೆ. ಡಾಕ್ಟರಿಗೆ ಒಂದು ಸಲ ತೋರಿಸಿದೆ. "ಮೂರು ವಾರ ಬಿಟ್ಟೂ ಹೀಗೇ ಇದ್ದರೆ ಬನ್ನಿ, ಅದಕ್ಕೆ ಮುಂಚೆ ದೊಡ್ಡದಾದರೂ ಬನ್ನಿ" ಅಂದರು. ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದೇನೆ. ಇವತ್ತಿಗೆ ಹದಿಮೂರು ದಿನ. ರಾತ್ರಿ ಹೊತ್ತು ಬೆರಳು ಅತ್ತ ಹೋಗುತ್ತದೆ, ತೆಗೆದು ದಿಂಬಿನ ಕೆಳಗೆ ಇಟ್ಟುಕೊಳ್ಳುತ್ತೇನೆ. ನಿನ್ನೆ ಅಕ್ಕ ಫೋನ್ ಮಾಡಿದ್ದಳು. ಅರ್ಧ ಗಂಟೆ ಮಾತಾಡಿದೆವು, ಅವಳ ಮಗಳ ಶಾಲೆಯ ವಿಷಯ.